ಪಾಠ ಹೇಳ್ಕೊಂಡಿರಿ

ಹಾಸನದ ಕಡೆ ಯಾವ ವಾದ್ಯಗಾರರ ಕೈಗೆ ಪೆಟ್ಟಾದರೂ ಎರಡು ಮೂರು ವಾರದೊಳಗೆ ಒಂದು ಮಾತು ಅವರ ಮನೆಗೆ ಬಂದೇ ಬರುತ್ತದೆ. ಕಿತ್ತಳೆ, ಬ್ರೆಡ್ಡು ಹಿಡಿದು ನೋಡಲು ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಏಳುವ ಮುಂಚೆ ಹೇಳುವ ಮಾತು: “ಹೋಗ್ಲಿ ಬಿಡಿ, ವಿದ್ಯೆ ಎಲ್ಲಿಗೆ ಹೋಗುತ್ತೆ? ಪಾಠ ಹೇಳ್ಕೊಂಡಿರಿ.” ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಏನಾದರೂ ಒಳ್ಳೆಯದನ್ನು ಹೇಳಿ ಹೊರಡಬೇಕು ಅನ್ನಿಸುತ್ತದೆ, ಬಾಯಿಗೆ ಬರುವುದು ಇದು. ಆದರೆ ಕೇಳಿಸಿಕೊಂಡವರ ಮುಖ ಆ ಹೊತ್ತಿನಲ್ಲಿ ಹೇಗಾಗುತ್ತದೆ ಎಂದು ನೋಡಿದವರಿಗೆ ಆ ಮಾತು ಸುಲಭಕ್ಕೆ ಮರೆಯುವುದಿಲ್ಲ. ಮೂಳೆ ಡಾಕ್ಟರು ಇನ್ನೂ ಏನನ್ನೂ ಖಚಿತವಾಗಿ ಹೇಳಿರುವುದಿಲ್ಲ, ಬ್ಯಾಂಡೇಜು ಬಿಚ್ಚಿರುವುದಿಲ್ಲ. ಅಷ್ಟರಲ್ಲಿ, ನುಡಿಸುವುದು ಮುಗಿಯಿತು ಎಂದು ಊರು ತೀರ್ಪು ಕೊಟ್ಟಾಯಿತು. ತೀರ್ಪಿನ ಜೊತೆಗೇ ಪರಿಹಾರವೂ ಬಂತು. ನಡುವೆ ಅಳಲು ಒಂದು ದಿನದ ಜಾಗವನ್ನೂ ಯಾರೂ ಬಿಡಲಿಲ್ಲ.

ನಮ್ಮ ಊರುಗಳಲ್ಲಿ ಸಂಗೀತಗಾರರನ್ನು ಗುರುತಿಸುವುದು ವಾದ್ಯದಿಂದ. ಪಿಟೀಲು ಮೇಷ್ಟ್ರು, ವೀಣೆ ಟೀಚರ್, ಮೃದಂಗದವರ ಮನೆ. ಕೊರಿಯರ್ ಹುಡುಗನೂ ಹಾಗೇ ದಾರಿ ಕೇಳುತ್ತಾನೆ. ಕೈ ನಿಂತ ಮೇಲೂ ಆ ಹೆಸರು ನಿಲ್ಲುವುದಿಲ್ಲ; ದಿನಕ್ಕೆ ನಾಲ್ಕು ಸಲ ಯಾರಾದರೊಬ್ಬರು ಕಳೆದುಹೋದದ್ದನ್ನೇ ಹೆಸರಾಗಿಸಿ ಕೂಗುತ್ತಿರುತ್ತಾರೆ. ಇದರ ಜೊತೆಗೆ ಇಲ್ಲಿಯ ಅಳತೆಗೋಲೂ ದೊಡ್ಡದು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರಾದದ್ದು. ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಹಾಡಿದರು. ಅಂಥವರನ್ನು ಕಂಡ ಜಿಲ್ಲೆಯಲ್ಲಿ ನಲವತ್ತೆರಡಕ್ಕೆ ಕೈ ನಿಂತವರು ತಮ್ಮಲ್ಲೇ ತಪ್ಪು ಹುಡುಕತೊಡಗುತ್ತಾರೆ: ಸಾಧನೆ ಸಾಲದಾಯಿತೋ, ಕೂರುವ ಭಂಗಿ ತಪ್ಪಿತೋ, ಗುರುಗಳ ಮಾತು ಮೀರಿದೆನೋ.

ಗಟ್ಟಿಮೇಳ

ಸಾಲಗಾಮೆ ರಸ್ತೆ ಕಡೆಯ ಒಂದು ಕಲ್ಯಾಣ ಮಂಟಪ, ವೈಶಾಖದ ಮದುವೆ. ವಾಲಗದವರು ನಾಲ್ಕು ಜನ. ನಾಗಸ್ವರಕ್ಕೆ ಇಬ್ಬರು, ಡೋಲಿಗೆ ಇಪ್ಪತ್ತರ ಆಸುಪಾಸಿನ ಹುಡುಗ, ಶ್ರುತಿಗೆ ಒಬ್ಬ ಹಿರಿಯರು. ಶ್ರುತಿ ಪೆಟ್ಟಿಗೆ ಎಲೆಕ್ಟ್ರಾನಿಕ್. ಸ್ವಿಚ್ಚು ಹಾಕಿದರೆ ಸಾಕು, ಅದರ ಪಕ್ಕ ಮನುಷ್ಯ ಕೂರಬೇಕಾಗಿಲ್ಲ. ಆದರೂ ಅವರು ಬಿಳಿ ಪಂಚೆ, ಜರಿ ಶಲ್ಯ ಹಾಕಿ ಕೂತಿದ್ದರು. ಎರಡು ವರ್ಷದ ಹಿಂದಿನವರೆಗೆ ಆ ಡೋಲು ಅವರದು. ಈಗ ಬಾರಿಸುತ್ತಿದ್ದವನು ಅವರ ತಂಗಿಯ ಮಗ.

ಮುಹೂರ್ತಕ್ಕೆ ಪುರೋಹಿತರು ಕೈ ಎತ್ತಿ “ಗಟ್ಟಿಮೇಳ, ಗಟ್ಟಿಮೇಳ” ಎಂದರು. ಹುಡುಗನ ಕೋಲು ಬೀಳುವುದಕ್ಕೆ ಅರೆಗಳಿಗೆ ಮುಂಚೆಯೇ ಹಿರಿಯರ ಎಡಭುಜ ತಾನಾಗಿ ಮೇಲಕ್ಕೆದ್ದಿತು. ಎದೆಯ ಮಟ್ಟಕ್ಕೆ ಬಂದು, ಯಾರೋ ಹಿಡಿದೆಳೆದ ಹಾಗೆ ಅಲ್ಲೇ ನಿಂತಿತು. ಮುಖ ಕಿವುಚಿತು. ಎಲ್ಲರ ಕಣ್ಣು ಮಾಂಗಲ್ಯದ ಮೇಲೆ, ಎಲ್ಲರ ಕೈಯಲ್ಲೂ ಅಕ್ಷತೆ. ನೋಡಿದ್ದು ಆ ಹುಡುಗನೊಬ್ಬ. ಅವನ ಕೋಲು ಒಂದು ಪೆಟ್ಟು ತಪ್ಪಿ ಮತ್ತೆ ದಾರಿಗೆ ಬಂತು. ಊಟದ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಅವನು ಮೆಲ್ಲಗೆ, “ಮಾವ, ನೀವ್ ಮೊದ್ಲು ಕೂತ್ಕಳಿ, ಸಾಮಾನು ನಾನ್ ನೋಡ್ಕತೀನಿ” ಅಂದ. “ನಂಗೇನಾಗಿದೆ ಅಂತ ಮೊದ್ಲು ಕೂರ್ಲಿ?” ಎಂದರು ಅವರು. ಅವನು ಮುಂದೆ ಮಾತಾಡಲಿಲ್ಲ.

ಅವರಿಗಾಗಿದ್ದದ್ದು ಭುಜ ಬಿಗಿಯುವ ಕಾಯಿಲೆ, ಎಲ್ಲರೂ ಫ್ರೋಜನ್ ಶೋಲ್ಡರ್ ಅನ್ನುವುದು. ಭುಜದ ಕೀಲನ್ನು ಸುತ್ತಿರುವ ತೆಳು ಚೀಲ ಉರಿಗೊಂಡು, ದಪ್ಪಗಾಗಿ, ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು, ಮತ್ತು ಅವರಲ್ಲಿ ಹಟಮಾರಿಯೂ ಹೌದು. ಹತ್ತು ಕೆ.ಜಿ.ಗೂ ಮೀರಿದ ಹಲಸಿನ ಮರದ ಡೋಲನ್ನು ಹೆಗಲಿಗೆ ಹಾಕಿಕೊಂಡು ಮೆರವಣಿಗೆಯಲ್ಲಿ ಮೂರು ಮೂರು ಗಂಟೆ ನಡೆಯುವವರು ಭುಜದ ನೋವನ್ನು ಕೆಲಸದ ನೋವೆಂದೇ ತಿಳಿಯುತ್ತಾರೆ, ಹಾಗಾಗಿ ಗುರುತು ಹಿಡಿಯುವುದು ತಡವಾಗುತ್ತದೆ. ಗುರುತಿಸುವ ದಾರಿ ಸುಲಭ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ತೊಂಬತ್ತು ಡಿಗ್ರಿಗೆ ಮಡಚಿ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿಸಬೇಕು. ಒಳ್ಳೆಯ ಕೈ ಸಲೀಸಾಗಿ ಹೋಗುತ್ತದೆ. ಬಿಗಿದ ಭುಜದ ಕೈ ಸ್ವಲ್ಪದರಲ್ಲೇ ನಿಲ್ಲುತ್ತದೆ, ಇನ್ನೊಬ್ಬರು ಹಿಡಿದು ತಿರುಗಿಸಿದರೂ ಬರುವುದಿಲ್ಲ. ಹಾಗೆ ಕಂಡರೆ ಎಣ್ಣೆ ತಿಕ್ಕುತ್ತಾ ಕೂರದೆ ಸಕ್ಕರೆ ಪರೀಕ್ಷೆ ಮಾಡಿಸಬೇಕು, ಮೂಳೆ ವೈದ್ಯರನ್ನು ಕಾಣಬೇಕು. ಮೊದಲ ತಿಂಗಳುಗಳಲ್ಲಿ ಕೀಲಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ನೋವನ್ನು ಚೆನ್ನಾಗಿ ಇಳಿಸುತ್ತದೆ. ಸಕ್ಕರೆ ಇರುವವರಿಗೆ ಅದಾದ ಕೆಲವು ದಿನ ಸಕ್ಕರೆ ಏರುವುದರಿಂದ ಮೊದಲೇ ಹೇಳಿಬಿಡಬೇಕು. ನೋವಿರುವಾಗ ಜಬರ್ದಸ್ತಿನಿಂದ ಕೈ ಎಳೆಸಿಕೊಂಡರೆ ಉರಿ ಇನ್ನೂ ಹೆಚ್ಚುತ್ತದೆ. ಒಂದರಿಂದ ಮೂರು ವರ್ಷದೊಳಗೆ ಬಹಳಷ್ಟು ಮಂದಿಗೆ ಭುಜ ಸಡಿಲವಾಗುತ್ತದೆ. ಆದರೆ ಒಂದರಿಂದ ಮೂರು ವರ್ಷ ಎಂದರೆ ವಾಲಗದವರ ಲೆಕ್ಕದಲ್ಲಿ ಒಂದರಿಂದ ಮೂರು ಮದುವೆ ಸೀಸನ್ನು.

ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದಿಲ್ಲ. ಮಂಗಳವಾದ್ಯದ ಮನೆಗಳಲ್ಲಿ ಎಷ್ಟೋ ಕಡೆ ಎರಡನೇ ದುಡಿಮೆ ಕ್ಷೌರದ ಅಂಗಡಿ. ಮುಹೂರ್ತವಿಲ್ಲದ ತಿಂಗಳಲ್ಲಿ ಮನೆ ನಡೆಯುವುದು ಅದರಿಂದ. ಕತ್ತರಿ, ಬಾಚಣಿಗೆ ಹಿಡಿದು ಭುಜದ ಎತ್ತರದಲ್ಲಿ ಕೈ ಇಟ್ಟುಕೊಂಡು ದಿನವಿಡೀ ನಿಲ್ಲುವ ಕೆಲಸ ಅದು. ಡೋಲು ಹೊಡೆಯಲಾಗದ ಭುಜ ಅದನ್ನೂ ಮಾಡಲಾರದು. ‘ಬೇರೆ ಕೆಲಸ ನೋಡ್ಕೊಳ್ಳಿ’ ಎಂದು ಹೇಳುವಾಗ, ಆ ಬೇರೆ ಕೆಲಸವೂ ಅದೇ ಕೀಲಿನ ಮೇಲೆ ನಿಂತಿತ್ತು ಎನ್ನುವುದು ಹೇಳಿದವರಿಗೆ ಗೊತ್ತಿರುವುದಿಲ್ಲ. ಎರಡು ಸಂಪಾದನೆ ಒಟ್ಟಿಗೇ ಹೋದ ಮನೆಯಲ್ಲಿ ಶ್ರುತಿ ಪೆಟ್ಟಿಗೆಯ ಪಕ್ಕ ಕೂರುವುದಕ್ಕೆ ಸಿಗುವ ಪಾಲು ಎಷ್ಟು ಸಣ್ಣದಾದರೂ ಬೇಕಾಗುತ್ತದೆ.

ಆಷಾಢ ಬರಲಿ

ನೋವು ಶುರುವಾದಾಗ ಯಾರೂ ಹೇಳುವುದಿಲ್ಲ. ವೀಳ್ಯ ಹಿಡಿದಾಗಿರುತ್ತದೆ, ಅಂದರೆ ಎಲೆ ಅಡಿಕೆ ತೆಗೆದುಕೊಂಡು ಕಾರ್ಯಕ್ರಮ ಒಪ್ಪಿಯಾಗಿರುತ್ತದೆ; ವೀಳ್ಯ ಹಿಡಿದ ಮೇಲೆ ಹೋಗದೆ ಇರುವ ಹಾಗಿಲ್ಲ. ಕೈ ಸರಿಯಿಲ್ಲ ಎಂಬ ಸುದ್ದಿ ಒಂದು ಸಲ ಹರಡಿದರೆ ಮುಂದಿನ ವೀಳ್ಯ ಬೇರೆ ಮೇಳಕ್ಕೆ ಹೋಗುತ್ತದೆ. ಕಚೇರಿ ಸಂಗೀತದಲ್ಲೂ ಇದೇ. ಪಕ್ಕವಾದ್ಯದವರಂತೂ ನೋವನ್ನು ಕಳ್ಳಸಾಮಾನಿನ ಹಾಗೆ ಬಚ್ಚಿಟ್ಟುಕೊಳ್ಳುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಸಮಾಧಾನ, ಆಷಾಢ ಬರಲಿ. ಮದುವೆ ಮುಂಜಿ ಇಲ್ಲದ ತಿಂಗಳು, ತೋರಿಸಿಕೊಂಡರಾಯಿತು. ಮಾಘದಲ್ಲಿ ಶುರುವಾದ ನೋವು ಆಷಾಢಕ್ಕೆ ಐದು ತಿಂಗಳ ಹಳೆಯದು. ಎರಡು ವಾರ ಬಿಡುವು ಕೊಟ್ಟಿದ್ದರೆ ಇಳಿಯುತ್ತಿದ್ದ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ದಾರದಂಥದ್ದು) ಉರಿ ಅಷ್ಟರಲ್ಲಿ ಬೇರು ಬಿಟ್ಟಿರುತ್ತದೆ.

ಹೀಗಾಗಿ ಆಷಾಢಕ್ಕೆ ಕಾಯಬಾರದ ಕೆಲವು ಸೂಚನೆಗಳನ್ನು ಪ್ರತಿ ವಾದ್ಯಗಾರರ ಮನೆಯಲ್ಲೂ ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆಬ್ಬೆರಳನ್ನು ಅಂಗೈಯೊಳಗಿಟ್ಟು ಮುಷ್ಟಿ ಕಟ್ಟಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಾಗಿಸಿದಾಗ ಹೆಬ್ಬೆರಳ ಬುಡದಿಂದ ಮೇಲಕ್ಕೆ ಚುಳುಕ್ ಎಂದು ಹರಿದಂತೆ ನೋವಾದರೆ ಅಲ್ಲಿಯ ರಜ್ಜುಗಳು ಉರಿಗೊಂಡಿವೆ; ಹೆಬ್ಬೆರಳನ್ನು ಹಿಡಿದಿಡುವ ಪಟ್ಟಿಯನ್ನು ನಾಲ್ಕರಿಂದ ಆರು ವಾರ ಕಟ್ಟಿಕೊಳ್ಳಬೇಕಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ ಕೈ ಕೊಡವುವ ಹಾಗಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ. ಜೋಮು ಕಿರುಬೆರಳು, ಉಂಗುರಬೆರಳಿನ ಕಡೆಗಿದ್ದರೆ ಒತ್ತಿರುವುದು ಮೊಣಕೈ ಹತ್ತಿರ. ಮೊಣಕೈ ಮಡಚಿಯೇ ಗಂಟೆಗಟ್ಟಲೆ ಕೂರುವ ಪಿಟೀಲಿನವರಿಗೆ, ಕೊಳಲಿನವರಿಗೆ ಇದು ಬರುತ್ತದೆ. ನರದ ಪರೀಕ್ಷೆ ಮಾಡಿಸಿದರೆ ಎಲ್ಲಿ ಎಷ್ಟು ಒತ್ತಿದೆ ಎಂದು ತಿಳಿಯುತ್ತದೆ. ಬರೀ ಜೋಮು ಇರುವಾಗಲೇ ತೋರಿಸಿದರೆ ಕೈಯನ್ನು ಉಳಿಸಿಕೊಳ್ಳಬಹುದು. ಹೆಬ್ಬೆರಳ ಬುಡದ ಮಾಂಸ ಇಳಿದು ಚಪ್ಪಟೆಯಾದ ಮೇಲೆ ಬಂದರೆ ಶಸ್ತ್ರಚಿಕಿತ್ಸೆಯಾದರೂ ಪೂರ್ತಿ ಬಲ ಮರಳುವ ಭರವಸೆ ಇಲ್ಲ.

ಇವೆಲ್ಲಕ್ಕಿಂತ ಮನಸ್ಸನ್ನು ಹೆಚ್ಚು ಮುರಿಯುವುದು ನೋವೇ ಇಲ್ಲದ ಕಾಯಿಲೆ, ಫೋಕಲ್ ಡಿಸ್ಟೋನಿಯಾ. ಅನ್ನ ಕಲಸುವಾಗ, ಸಹಿ ಹಾಕುವಾಗ ಬೆರಳು ಸರಿಯಾಗೇ ಇರುತ್ತದೆ. ವಾದ್ಯ ಮುಟ್ಟಿದ ಕೂಡಲೇ ಒಂದೆರಡು ಬೆರಳು ತಾವಾಗಿ ಒಳಕ್ಕೆ ಮಡಚಿಕೊಳ್ಳುತ್ತವೆ ಅಥವಾ ನೆಟ್ಟಗೆ ಸೆಟೆಯುತ್ತವೆ. ತೊಡಕಿರುವುದು ಮಿದುಳಿನಲ್ಲಿ, ಒಂದೊಂದು ಬೆರಳಿಗೂ ಅಲ್ಲಿರುವ ಬೇರೆ ಬೇರೆ ಜಾಗಗಳ ಗಡಿ ಕಲಸಿಹೋಗಿರುತ್ತದೆ. ವೃತ್ತಿಪರ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಇದರ ಕ್ರೌರ್ಯ ಎಲ್ಲಿದೆಯೆಂದರೆ, ಚಿಕ್ಕಂದಿನಿಂದ ಕಲಿತ ಒಂದೇ ಮದ್ದು, ಇನ್ನೂ ಹೆಚ್ಚು ಸಾಧನೆ, ಇಲ್ಲಿ ವಿಷವಾಗುತ್ತದೆ. ದಿನಕ್ಕೆ ಎರಡು ಗಂಟೆ ಇದ್ದದ್ದನ್ನು ಐದು ಗಂಟೆಗೆ ಏರಿಸಿದಷ್ಟೂ ಬೆರಳು ಕೆಡುತ್ತದೆ. ಮನೆಯವರಿಗೆ ಕೈಯಲ್ಲಿ ಬಾವು ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ, ದೃಷ್ಟಿ ತೆಗೆಸುತ್ತಾರೆ. ಇಂಥವರು ನೇರವಾಗಿ ನರರೋಗ ತಜ್ಞರ ಬಳಿ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಬಲ್ಲವರಿದ್ದಾರೆ. ಹೋಗುವಾಗ ವಾದ್ಯವನ್ನೋ, ನುಡಿಸುವಾಗಿನ ವಿಡಿಯೋವನ್ನೋ ಒಯ್ಯಬೇಕು. ಬರಿಗೈ ತೋರಿಸಿದರೆ ಕಾಯಿಲೆಯೇ ಕಾಣಿಸುವುದಿಲ್ಲ.

ಸೂತಕವಿಲ್ಲದ ಸಾವು

ಮನುಷ್ಯ ಸತ್ತರೆ ನಮ್ಮಲ್ಲಿ ಸೂತಕವಿದೆ. ಇಷ್ಟು ದಿನ ಯಾರೂ ನಿಮ್ಮಿಂದ ಏನನ್ನೂ ಕೇಳುವಂತಿಲ್ಲ, ಒಲೆ ಹಚ್ಚಲು ನೆಂಟರು ಬರುತ್ತಾರೆ, ಹನ್ನೊಂದೋ ಹದಿಮೂರೋ ದಿನಕ್ಕೆ ಒಂದು ಕಟ್ಟು ಕಳೆಯುತ್ತದೆ. ಏಳನೇ ವಯಸ್ಸಿನಿಂದ ದಿನವೂ ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದ ಕೈ ಸತ್ತರೆ ಇದ್ಯಾವುದೂ ಇಲ್ಲ. ಹೊರಗಿನಿಂದ ಎಲ್ಲ ನೆಟ್ಟಗಿರುತ್ತದೆ. ಚಹಾ ಲೋಟ ಹಿಡಿಯುತ್ತಾರೆ, ಸ್ಕೂಟರ್ ಓಡಿಸುತ್ತಾರೆ. ಒಳಗೆ ಏನಾಗುತ್ತದೆಂದರೆ, ಮೊದಲು ಕೇಳುವುದೇ ನಿಲ್ಲುತ್ತದೆ. ಮನೆಯಲ್ಲಿ ರೇಡಿಯೋ ಹಾಕಿದರೆ ಎದ್ದು ಹೋಗುತ್ತಾರೆ. ರಾಮನವಮಿಯ ಕಚೇರಿಗೆ ಕರೆದರೆ ಮೈ ಸರಿಯಿಲ್ಲ. ಹೋದರೂ ಚಪ್ಪಲಿ ಬಿಡುವ ಕಡೆ, ಬಾಗಿಲ ಹತ್ತಿರದ ಕುರ್ಚಿ. ಬಸ್ಸಿನ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳು ತಾನಾಗಿ ಆದಿತಾಳ ಹಾಕುತ್ತದೆ, ಅರಿವಾದ ಕೂಡಲೇ ಕೈ ಜೇಬಿಗೆ. ಕನಸಿನಲ್ಲಿ ನುಡಿಸುತ್ತಾರೆ, ಅದೂ ಹಿಂದೆಂದೂ ನುಡಿಸದಷ್ಟು ಚೆನ್ನಾಗಿ. ಎದ್ದ ಮೇಲಿನ ಅರ್ಧ ಗಂಟೆ ದಿನದಲ್ಲೇ ಕೆಟ್ಟದ್ದು. ತಮ್ಮದೇ ಶಿಷ್ಯನ ಮೇಲೆ ಹೊಟ್ಟೆಕಿಚ್ಚು ಬರುತ್ತದೆ, ಬಂದಿತೆಂದು ನಾಚಿಕೆಯಾಗುತ್ತದೆ, ಎರಡನ್ನೂ ಹೇಳಿಕೊಳ್ಳಲು ಜನವಿಲ್ಲ. ಇದು ಹುಚ್ಚಲ್ಲ, ದುರ್ಬಲ ಮನಸ್ಸೂ ಅಲ್ಲ. ಹತ್ತಿರದವರನ್ನು ಕಳೆದುಕೊಂಡವರಿಗೆ ಆಗುವುದೇ ಇವರಿಗೂ ಆಗುತ್ತಿರುತ್ತದೆ.

ಈ ಹೊತ್ತಿನಲ್ಲಿ ದೊಡ್ಡವರ ಉದಾಹರಣೆ ಕೊಡುವುದು ನಮ್ಮ ಚಾಳಿ. ‘ಕುಮಾರ ಗಂಧರ್ವರನ್ನ ನೋಡಿ, ಒಂದೇ ಶ್ವಾಸಕೋಶದಲ್ಲಿ ಹಾಡಿದರು.’ ನಿಜ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಅವರು ಇಪ್ಪತ್ತರ ಹರೆಯದಲ್ಲೇ ಕ್ಷಯಕ್ಕೆ ಸಿಕ್ಕಿ, ಒಣ ಹವೆಗೆಂದು ದೇವಾಸಕ್ಕೆ ಹೋಗಿ, 1950ರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದರು. ಆದರೆ ಉದಾಹರಣೆ ಕೊಡುವವರು ನಡುವಿನ ವರ್ಷಗಳನ್ನು ಹಾರಿಸುತ್ತಾರೆ. ಹಾಡಲೇಬಾರದು ಎಂದು ಹಾಸಿಗೆಯಲ್ಲಿ ಮಲಗಿ, ಕಿಟಕಿಯಾಚೆ ಹಾದುಹೋಗುವವರ ಮಾಳವದ ಹಾಡುಗಳನ್ನು ಕೇಳುತ್ತಾ ಕಳೆದ ವರ್ಷಗಳು ಅವು. ಪತ್ನಿ ಭಾನುಮತಿಯವರ ಆರೈಕೆ ಇತ್ತು, ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಸರಿಯಾದ ಕಾಲಕ್ಕೆ ಬಂತು. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಅವರದೂ ಹೀಗೇ. 1964ರ ಸುಮಾರಿಗೆ, ಮೂವತ್ತಾರರ ವಯಸ್ಸಿನಲ್ಲಿ, ಇದೇ ಡಿಸ್ಟೋನಿಯಾದಿಂದ ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಳ್ಳತೊಡಗಿದವು. ಸಾಯುವ ಯೋಚನೆಯೂ ಬಂದಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ವಾದ್ಯವೃಂದ ನಡೆಸಿದರು, ಪಾಠ ಹೇಳಿದರು, ಎಡಗೈ ಒಂದಕ್ಕೇ ಬರೆದ ಕೃತಿಗಳನ್ನು ನುಡಿಸಿದರು. ಸೆಟೆದ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದಿನಿಂದ ಎರಡೂ ಕೈ ಮತ್ತೆ ಕೂಡಿದ್ದು 1990ರ ದಶಕದಲ್ಲಿ. ಅಂಥ ಎಡಗೈ ಕೃತಿಗಳಲ್ಲಿ ಹಲವು ಇರುವುದಕ್ಕೆ ಕಾರಣ, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಸಿರಿವಂತ ಮನೆತನದ ಪಾಲ್ ವಿಟ್ಗೆನ್‌ಸ್ಟೈನ್ ದೊಡ್ಡ ಸಂಗೀತಕಾರರಿಗೆ ಹಣ ಕೊಟ್ಟು ಬರೆಸಿದ್ದು. ಹೊಳೆನರಸೀಪುರದ ಮೃದಂಗದವರಿಗೆ ಒಂಟಿಗೈಗೆ ಕೃತಿ ಬರೆಸಿಕೊಡುವವರು ಯಾರು? ಇವರೆಲ್ಲರ ಬದುಕನ್ನು ತಿಳಿಯುವುದು ಒಳ್ಳೆಯದೇ. ಮೂರನೇ ವಾರದಲ್ಲಿ ಮಾತ್ರ ಬೇಡ.

ಎರಡು ಮೂರು ತಿಂಗಳಾದರೂ ಊಟ, ನಿದ್ದೆ ಸರಿಹೋಗದಿದ್ದರೆ, ‘ಇದ್ದು ಏನು ಮಾಡ್ಲಿ’ ಅನ್ನುವ ಮಾತು ಬಂದರೆ ಒಂದು ದಿನವೂ ತಡ ಮಾಡಬಾರದು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಪಾಠ

ಪಾಠ ಹೇಳುವುದು ಬೇರೆಯೇ ವಿದ್ಯೆ. ಚೆನ್ನಾಗಿ ನುಡಿಸುವವರಲ್ಲಿ ಎಷ್ಟೋ ಮಂದಿಗೆ ತಾವು ಹೇಗೆ ನುಡಿಸುತ್ತೇವೆಂದು ಬಿಡಿಸಿ ಹೇಳಲು ಬರುವುದಿಲ್ಲ. ಕೈ ತೋರಿಸಿ ‘ಹೀಗೆ’ ಎನ್ನುತ್ತಾರೆ. ಆ ‘ಹೀಗೆ’ ಹೋದ ಮೇಲೆ ಅವರ ಪಾಠದ ಮುಕ್ಕಾಲು ಪಾಲು ಹೋಯಿತು. ಎದುರಿಗೆ ಕೂತ ಹನ್ನೆರಡರ ಹುಡುಗಿ ಕಾಂಬೋಧಿ ರಾಗದ ಒಂದು ಪ್ರಯೋಗವನ್ನು ಒರಟಾಗಿ ನುಡಿಸಿದಾಗ, ಅದನ್ನು ತಿದ್ದುವ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ವಾರಕ್ಕೆ ಆರು ದಿನ, ದಿನಕ್ಕೆ ನಾಲ್ಕು ಬ್ಯಾಚು ಈ ಸಂಕಟವನ್ನು ಅನುಭವಿಸಿ ಎಂದು ಹೇಳುತ್ತಿದ್ದೇವೆ ಎಂಬುದು ನಮ್ಮ ಅರಿವಿಗೆ ಬರಬೇಕು.

ಆದರೂ ಪಾಠವೇ ದಾರಿ ಎಂದು ತಾವೇ ತೀರ್ಮಾನಿಸಿದವರಿಗೆ ಕೆಲವು ಉಪಾಯಗಳಿವೆ. ಮೃದಂಗದವರಿಗೆ ಕೊನ್ನಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು, ಇದ್ದೇ ಇದೆ. ಬಾಯಲ್ಲಿ ಹೇಳಿದ ಜತಿಯನ್ನು ಶಿಷ್ಯ ಕೈಗಿಳಿಸಬೇಕು. ಕೈ ತೋರಿಸಿ ಕಲಿಸಿದ್ದಕ್ಕಿಂತ ಲೆಕ್ಕ ಹೀಗೇ ಗಟ್ಟಿಯಾಗುತ್ತದೆ. ಪಿಟೀಲು, ವೀಣೆಯವರು ಹಾಡಿ ಕಲಿಸಬಹುದು, ಆದರೆ ಅದಕ್ಕೆ ಕಂಠವನ್ನು ಆರೆಂಟು ತಿಂಗಳು ಹದ ಮಾಡಿಕೊಳ್ಳಬೇಕು. ದಿನಕ್ಕೆ ನಾಲ್ಕು ತಾಸು ಅಭ್ಯಾಸವಿಲ್ಲದ ಗಂಟಲಲ್ಲಿ ಹಾಡಿದರೆ ಗಂಟಲಿಗೂ ಪೆಟ್ಟು ಬೀಳುತ್ತದೆ. ಧ್ವನಿ ಮೂರು ವಾರ ಒಡೆದೇ ಇದ್ದರೆ ಪರೀಕ್ಷೆ ಮಾಡಿಸಬೇಕು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರವೇನಲ್ಲ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಎಂಬ ನಂಬಿಕೆ ತಪ್ಪು. ಇನ್ನೊಂದು ದಾರಿ, ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಯ ಶಾಸ್ತ್ರ ಭಾಗವನ್ನು ಮಾತ್ರ ಹೇಳಿಕೊಡುವುದು. ಪ್ರಯೋಗಕ್ಕೆ ಮೇಷ್ಟ್ರು ಎಲ್ಲ ಕಡೆ ಸಿಗುತ್ತಾರೆ. ಮೇಳಕರ್ತ, ತಾಳದಶಪ್ರಾಣ, ಸ್ವರಲಿಪಿ ಬರೆಯುವುದನ್ನು ಬಿಡಿಸಿ ಹೇಳುವವರು ಊರಿಗೊಬ್ಬರೂ ಇಲ್ಲ. ಇಲ್ಲಿ ಕೈ ಬೇಕಾಗಿಯೇ ಇಲ್ಲ.

ಪೆಟ್ಟಾದ ಕೈಯ ಬಗ್ಗೆ ಶಿಷ್ಯರಿಗೆ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಮುಚ್ಚಿಟ್ಟರೆ ಪ್ರತಿ ಪಾಠದಲ್ಲೂ ಅದನ್ನು ಮುಚ್ಚುವುದೇ ಕೆಲಸವಾಗುತ್ತದೆ.

ಬೇರೆ ಕೆಲಸಗಳು

ಕೆಲಸ ಹುಡುಕುವ ಮುಂಚೆ ಕೇಳಿಕೊಳ್ಳಬೇಕಾದ್ದು, ಸಂಗೀತದಲ್ಲಿ ಈ ಮನುಷ್ಯರ ಹಸಿವು ಎಲ್ಲಿತ್ತು ಎಂದು. ಕೆಲವರಿಗೆ ಅದು ಬೆರಳಲ್ಲಿರುತ್ತದೆ, ವಸ್ತುವನ್ನು ಮುಟ್ಟಿ ಹದ ಮಾಡುವುದರಲ್ಲಿ. ಕೆಲವರಿಗೆ ಕಿವಿಯಲ್ಲಿ. ಕೆಲವರಿಗೆ ನಾಲ್ಕು ಜನ ಸೇರಿ ಒಂದು ವ್ಯಾನಿನಲ್ಲಿ ಬೇಲೂರಿಗೋ ಮೂಡಿಗೆರೆಗೋ ಹೋಗಿ ರಾತ್ರಿ ಎರಡಕ್ಕೆ ಮರಳುವ ಆ ಸಂಗದಲ್ಲಿ. ಸಂಗ ಬೇಕಾದವರನ್ನು ಒಂಟಿ ಕೋಣೆಯಲ್ಲಿ ಪಾಠಕ್ಕೆ ಕೂರಿಸಿದರೆ ಬಾಡಿಹೋಗುತ್ತಾರೆ. ಅಂಥವರು ಮೇಳದ ವೀಳ್ಯ, ದಿನಾಂಕ, ವಾಹನ, ಲೆಕ್ಕ ನೋಡಿಕೊಳ್ಳುವ ಕೆಲಸದಲ್ಲಿ ಮತ್ತೆ ಚಿಗುರುತ್ತಾರೆ. ಗಟ್ಟಿಮೇಳದ ಆ ಹಿರಿಯರಿಗೂ ಶ್ರುತಿ ಪೆಟ್ಟಿಗೆಯ ಪಕ್ಕಕ್ಕಿಂತ ಇದೇ ಹೊಂದುತ್ತಿತ್ತೆಂದು ನನಗೆ ಅನ್ನಿಸುತ್ತದೆ.

ಕಿವಿಯವರಿಗೆ ಧ್ವನಿವರ್ಧಕದ ಕೆಲಸವಿದೆ. ನಮ್ಮ ಉತ್ಸವಗಳ ಸೌಂಡಿನವರಲ್ಲಿ ಶಾಸ್ತ್ರೀಯ ಕಚೇರಿ ಬಲ್ಲವರು ಕಡಿಮೆ. ಆರ್ಕೆಸ್ಟ್ರಾಕ್ಕೆ ಇಟ್ಟ ಹಾಗೆಯೇ ಕಚೇರಿಗೂ ಇಡುತ್ತಾರೆ, ಮೃದಂಗದ ಎಡ ಮುಚ್ಚಿಗೆ ಗುಡುಗಿ ಹಾಡಿನವರ ಮಂದ್ರ ಮುಳುಗುತ್ತದೆ. ಹಾಡುವವರ ಮೈಕು ಬಾಯಿಂದ ಒಂದು ಗೇಣು. ಪಿಟೀಲಿನದು ವಾದ್ಯದ ತೂತುಗಳ ಮೇಲೆ ಒಂದೂವರೆ ಗೇಣು, ಬಿಲ್ಲಿಗೆ ತಾಗದಂತೆ. ಮೃದಂಗಕ್ಕೆ ಎರಡು, ಎಡದ್ದನ್ನು ನೇರ ಮುಚ್ಚಿಗೆಗೆ ಹಿಡಿಯದೆ ಓರೆಯಾಗಿ. ವೇದಿಕೆಯ ಮೇಲಿನ ಸ್ಪೀಕರು ಮೈಕಿನ ಬೆನ್ನಿಗಿರಬೇಕು, ಎದುರಿಗಿದ್ದರೆ ಕೂಗುತ್ತದೆ. ಇದನ್ನೆಲ್ಲ ಹೊರಗಿನವರು ಒಂದು ತಿಂಗಳಲ್ಲಿ ಕಲಿಯಬಹುದು. ಪಿಟೀಲು ರಾಗವನ್ನು ಎತ್ತಿಕೊಂಡಾಗ ಅದನ್ನು ಕೂದಲೆಳೆಯಷ್ಟು ಏರಿಸಿ, ಹಾಡಿನವರು ಮರಳುವ ಮುಂಚೆ ಇಳಿಸುವುದಕ್ಕೆ ಮಾತ್ರ ಇಪ್ಪತ್ತು ವರ್ಷ ಪಕ್ಕವಾದ್ಯ ನುಡಿಸಿದ ಕಿವಿಯೇ ಬೇಕು.

ಆದರೆ ಈ ಕೆಲಸಕ್ಕೆ ಇಳಿಯುವ ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು, ಮುಖ್ಯವಾಗಿ ವಾಲಗ, ಬ್ಯಾಂಡಿನಿಂದ ಬಂದವರು. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಎಂಬುದು ಒಂದು ರೂಢಿಯ ಲೆಕ್ಕ. ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಬಂದರೆ ಉಳಿಯುವುದು ಹದಿನೈದು ನಿಮಿಷ. ಮಂಟಪದೊಳಗೆ ನಾಗಸ್ವರ, ಡೋಲಿನ ಪಕ್ಕ ಕೂತವರು ಇದನ್ನು ದಿನವೂ ಮೀರಿರುತ್ತಾರೆ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ಕೇಳ್ಮೆ. ಮಾತು ಚೆನ್ನಾಗಿಯೇ ಕೇಳುವುದರಿಂದ ಗೊತ್ತಾಗುವುದಿಲ್ಲ; ಮಿಕ್ಸರ್ ಮುಂದೆ ಕೂತಾಗ ತಮಗೆ ಮಂಕಾಗಿ ಕೇಳಿದ್ದನ್ನು ಸರಿ ಮಾಡಲು ಹೋಗಿ ಜನರ ಕಿವಿಗೆ ಚುಚ್ಚುವಷ್ಟು ತೀಕ್ಷ್ಣ ಮಾಡಿಬಿಡುತ್ತಾರೆ.

ಸಂಗೀತವನ್ನು ಪೂರ್ತಿ ಬಿಟ್ಟು ಅಂಗಡಿಯನ್ನೋ, ಕಾಫಿ ತೋಟದ ಲೆಕ್ಕಪತ್ರವನ್ನೋ ಹಿಡಿಯುವವರೂ ಇದ್ದಾರೆ. ಅವರನ್ನು ‘ವಿದ್ಯೆಗೆ ದ್ರೋಹ ಮಾಡಿದರು’ ಎಂಬಂತೆ ನೋಡುವುದು ಅನ್ಯಾಯ. ದಿನವೂ ಗಾಯವನ್ನು ಮುಟ್ಟದೆ ಬದುಕುವ ಹಕ್ಕು ಅವರಿಗಿದೆ.

ಸರ್ಕಾರದ ನೆರವಿನ ಬಗ್ಗೆ ಒಂದು ಮಾತು. ಅಂಗವೈಕಲ್ಯದ ಬಹಳಷ್ಟು ಸೌಲಭ್ಯಗಳಿಗೆ ಶೇಕಡಾ 40ರ ಪ್ರಮಾಣಪತ್ರ ಬೇಕು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅಲ್ಲಿ ಅಳೆಯುವುದು ದಿನನಿತ್ಯದ ಕೆಲಸಕ್ಕೆ ಕೈ ಎಷ್ಟು ಬರುತ್ತದೆ ಎಂದು. ಪಿಟೀಲಿನವರ ಕಿರುಬೆರಳು ಹೋದರೆ ಅವರ ಕಚೇರಿಯೇ ನಿಲ್ಲಬಹುದು, ಆದರೆ ಆ ಅಳತೆಯಲ್ಲಿ ಅದು 40ರ ಹತ್ತಿರಕ್ಕೂ ಬರುವುದಿಲ್ಲ. ಇದನ್ನು ಮೊದಲೇ ತಿಳಿದು ಹೋದರೆ ಅಲ್ಲಿ ಇನ್ನೊಂದು ಪೆಟ್ಟು ತಿನ್ನುವುದು ತಪ್ಪುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ದಾರಿ ಬೇರೆ. ಅದಕ್ಕೆ ಕಾರ್ಯಕ್ರಮದ ಕರಪತ್ರ, ಫೋಟೋ, ಪ್ರಮಾಣಪತ್ರಗಳೇ ಆಧಾರ. ಕೈ ಗಟ್ಟಿಯಿರುವಾಗಲೇ ಅವನ್ನು ಒಂದು ಫೈಲಿನಲ್ಲಿ ಜೋಡಿಸಿಡಬೇಕು.

ಮೇಣ

ಎರಡನೇ ನೆನಪು ಒಂದು ನವರಾತ್ರಿಯದು, ಸರಸ್ವತಿ ಪೂಜೆಯ ದಿನ. ಆ ಮನೆಯ ವೀಣೆ ಟೀಚರ್ ಹಲಸಿನಕಾಯಿ ಹೆಚ್ಚುವಾಗ ಈಳಿಗೆ ಜಾರಿ ಎಡಗೈ ತೋರುಬೆರಳು ಕೊಯ್ದುಕೊಂಡಿದ್ದರು. ಚರ್ಮಕ್ಕೆ ಹೊಲಿಗೆ ಹಾಕಿ ಕಳಿಸಿದ್ದರು. ಒಳಗೆ ಬೆರಳನ್ನು ಮಡಚುವ ರಜ್ಜು ತುಂಡಾಗಿದ್ದನ್ನು ಯಾರೂ ನೋಡಿರಲಿಲ್ಲ. ಬೆರಳಿನ ನಡುಗಿಣ್ಣನ್ನು ನೆಟ್ಟಗೆ ಹಿಡಿದು ತುದಿಯನ್ನು ಮಾತ್ರ ಮಡಚಿ ಎಂದಿದ್ದರೆ ಆ ದಿನವೇ ತಿಳಿಯುತ್ತಿತ್ತು. ತುಂಡಾದ ರಜ್ಜುವನ್ನು ಮೊದಲ ಒಂದೆರಡು ವಾರದಲ್ಲಿ ಜೋಡಿಸಿದರೆ ಒಳ್ಳೆಯದು. ತಡವಾದಷ್ಟೂ ಅದು ಅಂಗೈ ಕಡೆಗೆ ಸರಿದು ಕುಗ್ಗುತ್ತದೆ. ಇವರಿಗೆ ತಿಳಿದದ್ದು ಎರಡು ತಿಂಗಳಿಗೆ. ವೀಣೆಯಲ್ಲಿ ಗಮಕದ, ಅಂದರೆ ಸ್ವರವನ್ನು ಓಲಾಡಿಸುವುದರ, ಬಹುಪಾಲು ತಂತಿಯನ್ನು ಲೋಹದ ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆಯುವುದರಲ್ಲಿದೆ, ಎಳೆಯುವ ಬಲ ಬರುವುದು ತೋರು, ನಡುಬೆರಳುಗಳ ತುದಿಯಿಂದ. ಮಡಚದ ತುದಿಯಿಂದ ತೋಡಿ ರಾಗದ ಗಾಂಧಾರ ಹುಟ್ಟುವುದಿಲ್ಲ.

ಎರಡು ವರ್ಷ ವೀಣೆ ಮೂಲೆಯಲ್ಲಿ ಹಳೇ ಸೀರೆ ಹೊದ್ದು ಕೂತಿತ್ತು. ಮಾರುವ ಮಾತೆತ್ತಿದರೆ ಬೇಡ, ಮುಟ್ಟು ಎಂದರೂ ಬೇಡ. ಆ ದಿನ ಪೂಜೆಗೆಂದು ಸೀರೆ ತೆಗೆದು, ಹತ್ತಿ ಬಟ್ಟೆಯಿಂದ ಒಂದೊಂದೇ ಮೆಟ್ಟಿಲು ಒರೆಸಿ, ಕುದುರೆಗೆ ಕುಂಕುಮ ಇಟ್ಟರು. ಸೊಸೆಯ ಕೈಯಲ್ಲಿದ್ದ ಮಗು ತಂತಿ ಎಳೆಯಿತು. ಕರ್ರ್ ಎಂದಿತು. ಅವರ ತಲೆ ಥಟ್ಟನೆ ಓರೆಯಾಯಿತು. ಬಲಗೈಯಿಂದ ಮೀಟಿ, ಎಡಗೈ ಉಂಗುರಬೆರಳಲ್ಲಿ ಒತ್ತಿ ಕೆಳಗಿನಿಂದ ಮೇಲೆ ನೋಡುತ್ತಾ ಹೋದರು. “ಮಧ್ಯಮದ್ದು ಕೂತ್ಬಿಟ್ಟಿದೆ ಕಣೆ, ಮೇಣ ಬಿಟ್ಕೊಂಡಿದೆ,” ಅಂದರು. ದೇವರಿಗೆ ಮಂಗಳಾರತಿ ಆಗಿರಲಿಲ್ಲ. ಎದ್ದು ಹೋಗಿ ಚಾಕು ಬಿಸಿ ಮಾಡಿಕೊಂಡು ಬಂದರು.

ವೀಣೆಯ 24 ಮೆಟ್ಟಿಲು ಕೂರುವುದು ಮೇಣದ ಎರಡು ಏರಿಯ ಮೇಲೆ. ಜೇನುಮೇಣಕ್ಕೆ ಕರಿ ಪುಡಿ, ಗಟ್ಟಿ ಬರಲು ಸ್ವಲ್ಪ ರಾಳ. ರಾಳ ಹೆಚ್ಚಾದರೆ ಚಳಿಗಾಲದಲ್ಲಿ ಬಿರಿಯುತ್ತದೆ, ಕಡಿಮೆಯಾದರೆ ಏಪ್ರಿಲ್ ಬಿಸಿಲಿಗೆ ಮೆಟ್ಟಿಲು ಇಳಿಯುತ್ತದೆ. ಒಂದು ಮೆಟ್ಟಿಲು ಇಳಿದರೆ ಅದರಲ್ಲಿ ಒತ್ತಿದ ತಂತಿ ಮುಂದಿನ ಎತ್ತರದ ಮೆಟ್ಟಿಲಿಗೆ ತಗುಲಿ ಕರಕರ ಅನ್ನುತ್ತದೆ. ಪೂರ್ತಿ ಹೊಸದಾಗಿ ಮೇಳ ಕಟ್ಟುವಾಗ, ಅಂದರೆ ಮೆಟ್ಟಿಲುಗಳನ್ನೆಲ್ಲ ಹೊಸದಾಗಿ ಕೂರಿಸುವಾಗ, ಹಳೇ ಮೇಣ ಕೆತ್ತಿ ತೆಗೆದು, ಹೊಸದನ್ನು ಹಾಕಿ, ಮೊದಲು ಹನ್ನೆರಡನೆಯದನ್ನು ಕೂರಿಸಬೇಕು: ಒತ್ತದೆ ಬಿಟ್ಟ ತಂತಿಯ ಷಡ್ಜಕ್ಕೆ ಅದು ತಾರಷಡ್ಜ, ಅಂದರೆ ಮೇಲಿನ ಸ. ಆಮೇಲೆ ಏಳನೆಯದು ಪಂಚಮ, ಐದನೆಯದು ಶುದ್ಧ ಮಧ್ಯಮ. ಪಂಚಮದ ತಂತಿಯನ್ನು ಐದನೇ ಮೆಟ್ಟಿಲಲ್ಲಿ ಒತ್ತಿದರೆ ಮೊದಲ ತಂತಿಯಾದ ಸಾರಣಿಯ ಬಿಟ್ಟ ಷಡ್ಜಕ್ಕೆ ಕೂಡಬೇಕು, ಕೂಡದಿದ್ದರೆ ಜಾಗ ತಪ್ಪಿದೆ. ಕಾದ ಚಾಕುವಿನಿಂದ ಮೇಣ ಮೆತ್ತಗೆ ಮಾಡಿ ಕೂದಲೆಳೆ ಸರಿಸುವುದು, ಮೀಟುವುದು, ಕೇಳುವುದು, ಮತ್ತೆ ಸರಿಸುವುದು. ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ತುಸು ಏರುವುದರಿಂದ ಅಳತೆಪಟ್ಟಿ ಹೇಳುವ ಜಾಗ ಯಾವತ್ತೂ ಸರಿಯಿರುವುದಿಲ್ಲ. ಯಂತ್ರ ಹೇಳಿದ ಜಾಗಕ್ಕೆ ಕೂರಿಸಿದ ಮೆಟ್ಟಿಲಲ್ಲೂ ನುಡಿಸುವವರು ತಮ್ಮ ಒತ್ತಿಗೆ ತಕ್ಕಂತೆ ದೂರು ಹೇಳುತ್ತಾರೆ. ಯಾರು ಎಷ್ಟು ಒತ್ತುತ್ತಾರೆ ಎಂದು ನೋಡಿ ಕೂರಿಸಬೇಕು. ವರ್ಷಗಟ್ಟಲೆ ನುಡಿಸಿದವರಿಗೆ ಅದು ತಿಳಿಯುತ್ತದೆ. ಈ ಕೆಲಸಕ್ಕೆ ತೋರುಬೆರಳಿನ ತುದಿ ಮಡಚಬೇಕಾಗಿಲ್ಲ.

ಮೊದಲು ಶಿಷ್ಯೆಯರ ವೀಣೆಗಳು ಬಂದವು, ಆಮೇಲೆ ಸಕಲೇಶಪುರ, ಚಿಕ್ಕಮಗಳೂರಿನವು. ಅವರು ಇವತ್ತಿಗೂ ಕಚೇರಿಗೆ ಹೋಗುವುದಿಲ್ಲ. ಸರಿ ಮಾಡಿದ ವೀಣೆಯನ್ನು ಒಡತಿ ಅಲ್ಲೇ ಕೂತು ನುಡಿಸಿ ನೋಡುವಾಗ ಒಳಗೆ ಹೋಗಿ ಕಾಫಿಗೆ ಹಾಲಿಡುತ್ತಾರೆ, ಅಡುಗೆಮನೆಯಿಂದಲೇ ‘ಕೈಶಿಕಿ ನಿಷಾದ ಇನ್ನೊಂದ್ಸಲ’ ಎಂದು ಕೂಗುತ್ತಾರೆ. ಧನುರ್ಮಾಸದ ಬೆಳಿಗ್ಗೆಗಳಲ್ಲಿ ಹಾಸನದ ಚಳಿಗೆ ಮೇಣ ಚಾಕು ಬಿಟ್ಟ ಕೂಡಲೇ ಬಿಗಿಯುತ್ತದೆ, ಸರಿಸಲು ಬಿಡುವುದಿಲ್ಲ. ಹಾಗಾಗಿ ಆ ತಿಂಗಳಲ್ಲಿ ಹನ್ನೊಂದು ಗಂಟೆಗೆ ಮುಂಚೆ ವೀಣೆ ತರಬೇಡಿ ಎನ್ನುತ್ತಾರೆ.